ಕಣ್ಣು ಒದ್ದೆಯಾಗಬೇಕಾ? ಎರಡು ಕ್ಲೈಮ್ಯಾಕ್ಸ್, ಒಂದನ್ನು ಆರಿಸಿ

ಎರಡು ಹಳೇ ಸಿನಿಮಾಗಳು, ಎರಡರ ಕೊನೆಯಲ್ಲೂ ಒಂದು ಕೈ ಇನ್ನೊಂದು ಕೈ ಹಿಡಿಯುತ್ತದೆ, ಅಷ್ಟೇ. (ಕತೆಯ ಕೊನೆ ಹೇಳಿಬಿಡುತ್ತೇನೆ, ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.)

1931ರ 'ಸಿಟಿ ಲೈಟ್ಸ್' ಮೂಕಿ ಚಿತ್ರ. ಟಾಕಿ (ಮಾತಿನ ಚಿತ್ರ) ಬಂದ ಮೇಲೂ ನಿರ್ದೇಶಕ, ನಾಯಕ ಎರಡೂ ಆದ ಚಾಪ್ಲಿನ್ ಮಾತು ಬೇಡ ಅಂದರು. ಹೂ ಮಾರುವ ಕುರುಡಿ ಹುಡುಗಿಗೆ ಈಗ ಕಣ್ಣು ಕಾಣುತ್ತಿದೆ. ಎದುರಿಗಿರುವ ಚಿಂದಿ ಬಟ್ಟೆಯವನಿಗೆ (ಅದೇ ಚಾಪ್ಲಿನ್) ಪಾಪ ಅಂತ ನಾಣ್ಯ ಕೊಡಲು ಕೈ ಹಿಡಿಯುತ್ತಾಳೆ, ಆ ಸ್ಪರ್ಶದಲ್ಲೇ ತನಗೆ ನೆರವಾದವನು ಇವನೇ ಅಂತ ಗೊತ್ತಾಗಿಬಿಡುತ್ತದೆ. ಆಗ ಅವನ ಮುಖ ನೋಡಬೇಕು. ನಾಚಿಕೆ, ಭಯ, ಆಸೆ ಎಲ್ಲ ಒಟ್ಟಿಗೆ. ಅಳು ಬಂದರೂ ಎದೆ ಬೆಚ್ಚಗಿರುತ್ತದೆ.

1948ರ 'ಬೈಸಿಕಲ್ ಥೀವ್ಸ್' ಹಾಗಲ್ಲ, ಜಾಸ್ತಿ ಕಠಿಣ. ಕೆಲಸಕ್ಕೆ ಬೇಕಾದ ಸೈಕಲ್ ಕಳೆದುಕೊಂಡ ಅಪ್ಪ ಕೊನೆಗೆ ತಾನೇ ಒಂದನ್ನು ಕದಿಯಲು ಹೋಗಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಮಾಲೀಕ ಬಿಟ್ಟುಬಿಡುತ್ತಾನೆ. ಅಪ್ಪ ಅಳುತ್ತಾನೆ, ಹುಡುಗ ಸುಮ್ನೆ ಕೈ ಹಿಡಿಯುತ್ತಾನೆ. ಅಪ್ಪನ ಪಾತ್ರ ಮಾಡಿದವರು ವೃತ್ತಿನಟರಲ್ಲ, ಕಾರ್ಖಾನೆ ಕೆಲಸಗಾರರು. ಅದಕ್ಕೇ ಇರಬೇಕು, ನಟನೆ ಅನ್ನಿಸುವುದೇ ಇಲ್ಲ.

ಮನಸ್ಸು ಮೊದಲೇ ಭಾರವಾಗಿದ್ದರೆ ಚಾಪ್ಲಿನ್ ಸಾಕು. ಅಪ್ಪನ ಹತ್ತಿರ ಮಾತು ಬಿಟ್ಟಿದ್ದೀರಾ? ಎರಡನೆಯದನ್ನೇ ನೋಡಿ, ಫೋನ್ ಪಕ್ಕದಲ್ಲಿರಲಿ.