ಒಂದು ಕಣ್ಣಿಗೆ ಮಲ್ಟಿಫೋಕಲ್, ಇನ್ನೊಂದಕ್ಕೆ ಮೊನೊಫೋಕಲ್: ಪೊರೆ ತೆಗೆಸಿದ ಮೇಲಿನ ಹೋಲಿಕೆ

ಪೊರೆ ತೆಗೆದ ಜಾಗದಲ್ಲಿ ಕೂರಿಸಿದ ಕೃತಕ ಮಸೂರ ನನ್ನ ಎರಡು ಕಣ್ಣಿಗೂ ಬೇರೆಬೇರೆ: ಬಲಗಣ್ಣಿನಲ್ಲಿ ದೂರಕ್ಕೂ ಹತ್ತಿರಕ್ಕೂ ಆಗುವ ಮಲ್ಟಿಫೋಕಲ್ ಮಸೂರವಿದೆ, ಎಡಗಣ್ಣಿನಲ್ಲಿ ಒಂದೇ ದೂರಕ್ಕೆ ಆಗುವ ಮೊನೊಫೋಕಲ್ ಮಸೂರವಿದೆ. ಎರಡೂ ಕಣ್ಣಿನ ಪೊರೆಯನ್ನು ಒಂದೇ ಆಸ್ಪತ್ರೆಯಲ್ಲಿ, ಒಬ್ಬರೇ ವೈದ್ಯರು ಕೆಲವು ತಿಂಗಳ ಅಂತರದಲ್ಲಿ ತೆಗೆದರು. ಶಸ್ತ್ರಚಿಕಿತ್ಸೆಯಲ್ಲಿ ಯಾವ ತೊಡಕೂ ಆಗಲಿಲ್ಲ, ಗಾಯ ಮಾಯುವುದರಲ್ಲೂ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ನೋಡಿದಾಗ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಮಸೂರದ್ದೇ. ಹೀಗೆ ನೋಡುತ್ತ ಬಂದ ಮೇಲೆ ನನ್ನ ಒಲವು ಸ್ಪಷ್ಟವಾಗಿ ಮೊನೊಫೋಕಲ್ ಕಡೆಗಿದೆ. ಬೆಲೆ ಕಡಿಮೆ ಎಂಬುದು ಅದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ನನ್ನ ಕಣ್ಣಿಗೆ ಪೊರೆ ತಂದ ಸಕ್ಕರೆ ಕಾಯಿಲೆಯೇ ಮಲ್ಟಿಫೋಕಲ್ ಮಸೂರಕ್ಕೂ ಒಗ್ಗದ ಕಾಯಿಲೆ. ಮೊದಲ ಸಲ ದರಪಟ್ಟಿಯನ್ನು ಮುಂದಿಟ್ಟು ಮಸೂರ ಆರಿಸಿಕೊಳ್ಳಿ ಎಂದಾಗ ಆಸ್ಪತ್ರೆಯಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲ.

ವಯಸ್ಸಾದವರಿಗೆಲ್ಲ ಪೊರೆ ಬರುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ವಯಸ್ಸೇ ಅದರ ಮುಖ್ಯ ಕಾರಣ ಎಂಬುದೂ ನಿಜ. ಆದರೆ ಒಬ್ಬರಿಗೆ ಐವತ್ತೈದಕ್ಕೇ ಬರುವ ಪೊರೆ ಇನ್ನೊಬ್ಬರಿಗೆ ಎಪ್ಪತ್ತೈದರವರೆಗೂ ಬರದಿರುವುದರ ಹಿಂದೆ ಬೇರೆ ಸಂಗತಿಗಳಿರುತ್ತವೆ: ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ವರ್ಷಗಟ್ಟಲೆ ಸುಡು ಬಿಸಿಲಿನಲ್ಲಿ ದುಡಿದದ್ದು, ಕಟ್ಟಿಗೆ ಒಲೆಯ ಹೊಗೆ, ಹಿಂದೆಂದೋ ಕಣ್ಣಿಗೆ ಬಿದ್ದ ಪೆಟ್ಟು, ಚಿಕ್ಕಂದಿನಿಂದ ಇದ್ದ ಹೆಚ್ಚಿನ ಮೈನಸ್ ಪವರ್, ಮನೆತನದಲ್ಲಿ ಬಂದದ್ದು, ಉಬ್ಬಸಕ್ಕೋ ಕೀಲುನೋವಿಗೋ ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್. ನನ್ನಲ್ಲಿ ಹಳೆಯ ಸಕ್ಕರೆ ಕಾಯಿಲೆಯೂ ಉಬ್ಬಸದ ಔಷಧಿಯೂ ಜೊತೆಗೂಡಿದ್ದವು. ರಕ್ತದಲ್ಲಿ ಸಕ್ಕರೆ ಏರಿದಾಗ ಅದರ ಒಂದು ಪಾಲು ಕಣ್ಣಿನ ಸಹಜ ಮಸೂರದೊಳಗೆ ಸಾರ್ಬಿಟಾಲ್ ಎಂಬ ವಸ್ತುವಾಗಿ ಕೂಡಿಕೊಳ್ಳುತ್ತದೆ, ಅದು ನೀರನ್ನು ಎಳೆದುಕೊಂಡು ಮಸೂರದ ಎಳೆಗಳನ್ನು ಕೆಡಿಸುತ್ತದೆ. ಸ್ಟೀರಾಯ್ಡ್ ತರುವ ಪೊರೆ ಮಸೂರದ ಹಿಂಭಾಗದಲ್ಲಿ, ಸರಿಯಾಗಿ ನಡುವಿನಲ್ಲಿ ಕೂರುತ್ತದೆ, ಬೇಗ ಬೆಳೆಯುತ್ತದೆ. ಈ ಬಗೆಯ ಪೊರೆಯಿದ್ದವರಿಗೆ ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾದಾಗಲೇ ದೃಷ್ಟಿ ಹೆಚ್ಚು ಮಂಕಾಗುತ್ತದೆ, ಓದುವುದೂ ಕಷ್ಟವಾಗುತ್ತದೆ. ನನಗೂ ಹಗಲಿನ ಬೆಳಕಿನಲ್ಲಿ ಪತ್ರಿಕೆ ಹಿಡಿದಾಗ ಅಕ್ಷರಗಳು ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿದ್ದವು.

ಇದಕ್ಕೆ ವಿರುದ್ಧವಾದ ಲಕ್ಷಣವೊಂದನ್ನೂ ಹೇಳಬೇಕು, ಏಕೆಂದರೆ ಅದನ್ನು ಒಳ್ಳೆಯ ಸುದ್ದಿಯೆಂದು ಭಾವಿಸಿ ಹಿರಿಯರು ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುತ್ತಾರೆ. ಮಸೂರದ ತಿರುಳು ಗಟ್ಟಿಯಾಗುವ ಬಗೆಯ ಪೊರೆಯಲ್ಲಿ ಕಣ್ಣು ಮೈನಸ್ ಕಡೆಗೆ ಜಾರುತ್ತದೆ. ಆಗ ಎಪ್ಪತ್ತರ ಅಜ್ಜನಿಗೆ ಕೆಲವು ಕಾಲ ಕನ್ನಡಕವಿಲ್ಲದೆಯೇ ಓದಲು ಬರುತ್ತದೆ. ನಮ್ಮ ಮಾವನವರಿಗೆ ಹಾಗೆಯೇ ಆಗಿತ್ತು. ಅದು ಕಣ್ಣು ಸುಧಾರಿಸಿದ್ದರ ಗುರುತಲ್ಲ, ಪೊರೆ ಬಲಿಯುತ್ತಿರುವುದರ ಗುರುತು.

ಇನ್ನು ಮಸೂರಗಳ ವಿಷಯ. ಮೊನೊಫೋಕಲ್ ಒಂದೇ ದೂರಕ್ಕೆ, ಸಾಮಾನ್ಯವಾಗಿ ದೂರದ ನೋಟಕ್ಕೆ, ಹೊಂದಿಸಿದ ಮಸೂರ. ಓದಲು ಕನ್ನಡಕ ಬೇಕೇ ಬೇಕು. ಮಲ್ಟಿಫೋಕಲ್ ತನ್ನ ಮೈಮೇಲಿನ ಸೂಕ್ಷ್ಮ ಉಂಗುರಗಳಿಂದ ಒಳಬರುವ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಎಂದು ಪಾಲು ಮಾಡುತ್ತದೆ. ಅದರ ಗುಣವೂ ದೋಷವೂ ಈ ಪಾಲಿನಲ್ಲಿಯೇ ಇವೆ. ಯಾವ ದೂರದ ನೋಟಕ್ಕೂ ಪೂರ್ತಿ ಬೆಳಕು ಸಿಗುವುದಿಲ್ಲ, ಒಂದು ಬಿಂಬ ಸ್ಪಷ್ಟವಾಗಿರುವಾಗ ಇನ್ನೊಂದರ ಮಸುಕು ಅದರ ಮೇಲೆ ಹರಡಿಕೊಂಡಿರುತ್ತದೆ. ಹಗಲಿನಲ್ಲಿ ಮಿದುಳು ಇದನ್ನು ಕಡೆಗಣಿಸಲು ಕಲಿಯುತ್ತದೆ.

ರಾತ್ರಿಯಲ್ಲಿ ಹಾಗಾಗುವುದಿಲ್ಲ, ನನ್ನ ದೂರೆಲ್ಲ ಇರುವುದು ಅಲ್ಲಿಯೇ. ಶಿವಮೊಗ್ಗದಲ್ಲಿ ಸಂಜೆಯ ಭಜನಾ ಮಂಡಳಿ ಮುಗಿಸಿ ಬಸ್ ನಿಲ್ದಾಣದವರೆಗೆ ನಡೆದು, ಎಂಟರ ಮೇಲಿನ ಬಸ್ಸಿಗೆ ಮನೆ ಸೇರುವುದು ನನ್ನ ಬಹುಕಾಲದ ರೂಢಿ. ಬಲಗಣ್ಣಿನಿಂದ ನೋಡಿದರೆ ಎದುರಿನಿಂದ ಬರುವ ಪ್ರತಿಯೊಂದು ವಾಹನದ ದೀಪದ ಸುತ್ತಲೂ ಒಂದರ ಹೊರಗೊಂದು ಬೆಳಕಿನ ಬಳೆಗಳು ಕಾಣುತ್ತವೆ. ಒಂದೇ ದೀಪವಿದ್ದರೆ ತಾಳಿಕೊಳ್ಳಬಹುದು. ಸಾಲುಗಟ್ಟಿದ ಆಟೋ, ಬೈಕು, ಲಾರಿಗಳ ದೀಪಗಳೆಲ್ಲ ಬಳೆ ತೊಟ್ಟು ಒಂದಕ್ಕೊಂದು ಸೇರಿಕೊಂಡಾಗ ಅವುಗಳ ನಡುವೆ ನಿಂತ ಮನುಷ್ಯನೋ ದನವೋ ಕಣ್ಣಿಗೆ ಬೀಳುವುದೇ ಇಲ್ಲ. ರಸ್ತೆ ದಾಟಲು ಎಷ್ಟು ದೂರದಲ್ಲಿ ಯಾವ ಗಾಡಿಯಿದೆ ಎಂದು ಅಳೆಯುವುದು ಕಷ್ಟ, ಏಕೆಂದರೆ ಹತ್ತಿರದ ಬೈಕಿನ ಬಳೆಯೂ ದೂರದ ಲಾರಿಯ ಬಳೆಯೂ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಮಳೆಗಾಲದಲ್ಲಿ ಇದು ಇಮ್ಮಡಿಯಾಗುತ್ತದೆ. ಒದ್ದೆ ಡಾಂಬರಿನ ಮೇಲೆ ಬಿದ್ದ ದೀಪಗಳ ಪ್ರತಿಬಿಂಬಕ್ಕೂ ಬಳೆಗಳು ಮೂಡುತ್ತವೆ, ಕೊಡೆಯ ಅಂಚಿನಿಂದ ತೊಟ್ಟಿಕ್ಕುವ ಹನಿಗಳೂ ಹೊಳೆಯುತ್ತವೆ. ಬಸ್ಸಿನ ಮುಂದಿನ ಎಲ್‌ಇಡಿ ಫಲಕದ ಕೆಂಪು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬರಿಯ ಕೆಂಪು ಪಟ್ಟಿಯಾಗಿ ಕಾಣುವುದರಿಂದ, ಬಸ್ಸು ಬಂದು ನಿಂತ ಮೇಲೆ ಕಂಡಕ್ಟರನ್ನೇ ಕೇಳಬೇಕಾಗುತ್ತದೆ. ಎಡಗಣ್ಣಿನಿಂದ ಅದೇ ಫಲಕವನ್ನು ನಿಲ್ದಾಣದ ಇನ್ನೊಂದು ತುದಿಯಿಂದ ಓದುತ್ತೇನೆ. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣಿನ ಸ್ವಚ್ಛ ಬಿಂಬದ ಮೇಲೆ ಬಲಗಣ್ಣಿನ ಬಳೆಗಳು ತೆಳುವಾಗಿ ಉಳಿದುಕೊಳ್ಳುತ್ತವೆ. ದೃಷ್ಟಿಫಲಕದ ಕೊನೆಯ ಸಾಲನ್ನು ಬಲಗಣ್ಣೂ ಓದುತ್ತದೆ, ಆದ್ದರಿಂದ ಆಸ್ಪತ್ರೆಯ ದಾಖಲೆಯಲ್ಲಿ ಅದು ಯಶಸ್ವಿ ಶಸ್ತ್ರಚಿಕಿತ್ಸೆಯೇ. ಪರೀಕ್ಷೆಯ ಕೋಣೆಯಲ್ಲಿ ಎದುರಿನಿಂದ ಲಾರಿ ಬರುವುದಿಲ್ಲವಲ್ಲ.

ಕೆಲವು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎಂದು ವೈದ್ಯರು ಹೇಳಿದರು. ಬಹಳ ಜನರಿಗೆ ಆಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ, ನನಗೂ ಮೊದಲಿನ ಕಿರಿಕಿರಿಯಲ್ಲಿ ಒಂದು ಪಾಲು ತಗ್ಗಿದೆ. ಆದರೆ ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟ, ಅಂದರೆ ಕಣ್ಣಿನ ಹಿಂಪರದೆ, ನಸುಗತ್ತಲಿನಲ್ಲಿ ಬೂದಿಗೂ ಕಪ್ಪಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಮೊದಲೇ ಹಿಂದುಳಿದಿರಬಹುದು. ಹಾಳೆಯ ಮೇಲೆ ದೃಷ್ಟಿ ಸರಿಯಿದೆ ಎಂದಿದ್ದರೂ ಈ ಕೊರತೆ ಇರುತ್ತದೆ. ಅಂತಹ ಕಣ್ಣಿಗೆ ಬೆಳಕನ್ನು ಪಾಲು ಮಾಡುವ ಮಸೂರ ಹಾಕಿದರೆ ಇದ್ದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಮುಂದೆ ಅಕ್ಷಿಪಟದಲ್ಲಿ ಊತವೋ ರಕ್ತಸ್ರಾವವೋ ಆದರೆ ಮಲ್ಟಿಫೋಕಲ್ ಇರುವ ಕಣ್ಣು ಹೆಚ್ಚು ಕಳೆದುಕೊಳ್ಳುತ್ತದೆ. ಒಣಕಣ್ಣು, ಅಳತೆಯಲ್ಲಿ ಉಳಿದ ಸಣ್ಣ ಪವರ್, ಮಸೂರದ ಹಿಂದಿನ ತೆಳುಪದರ ಕೆಲವು ವರ್ಷಗಳಲ್ಲಿ ಮಂಕಾಗುವುದು, ಇವೆಲ್ಲ ಮೊನೊಫೋಕಲ್ ಇರುವವರಿಗಿಂತ ಮಲ್ಟಿಫೋಕಲ್ ಇರುವವರನ್ನು ಬೇಗ ಕಾಡುತ್ತವೆ. ಪದರ ಮಂಕಾದರೆ ಲೇಸರ್‌ನಿಂದ ಸರಿಪಡಿಸುತ್ತಾರೆ. ಆದರೆ ಲೇಸರ್ ಮಾಡಿಸಿದ ಮೇಲೆ ಮಸೂರವನ್ನು ಬದಲಿಸುವುದು ಹೆಚ್ಚು ಅಪಾಯದ ಕೆಲಸವಾದ್ದರಿಂದ, ಮಲ್ಟಿಫೋಕಲ್‌ನಿಂದ ತೊಂದರೆಪಡುತ್ತಿರುವವರು ಲೇಸರ್‌ಗೆ ಮೊದಲು ವೈದ್ಯರೊಡನೆ ಕುಳಿತು ಮಾತನಾಡಬೇಕು.

ಹತ್ತಿರದ ಕೆಲಸಕ್ಕೆ ಬರೋಣ, ಅಲ್ಲಿಯೇ ಮಲ್ಟಿಫೋಕಲ್ ಗೆಲ್ಲಬೇಕಾದದ್ದು. ತರಕಾರಿಯ ಲೆಕ್ಕ, ಮೊಬೈಲಿಗೆ ಬಂದ ಸಂದೇಶ, ಮಾತ್ರೆಯ ಹೆಸರು, ಇವೆಲ್ಲ ಬಲಗಣ್ಣಿಗೆ ಕನ್ನಡಕವಿಲ್ಲದೆ ಕಾಣುತ್ತವೆ. ಇದು ಸಣ್ಣ ಸೌಕರ್ಯವಲ್ಲ. ಆದರೆ ಮೊರದಲ್ಲಿ ಸೋನಾ ಮಸೂರಿ ಅಕ್ಕಿ ಹರವಿಕೊಂಡು ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಕುಳಿತಾಗ, ಬಿಳಿಯ ಅಕ್ಕಿಯೊಳಗಿನ ಬಿಳಿಯ ಕಲ್ಲು ಬಲಗಣ್ಣಿಗೆ ತಪ್ಪಿಹೋಗುತ್ತದೆ. ಕಪ್ಪು ಕಲ್ಲು ಮಾತ್ರ ಸಿಗುತ್ತದೆ. ಓದುವ ಕನ್ನಡಕ ಹಾಕಿಕೊಂಡ ಎಡಗಣ್ಣಿಗೆ ಕಲ್ಲಿನ ಒರಟು ಅಂಚೂ ಕಾಳಿನ ನುಣುಪೂ ಬೇರೆಬೇರೆಯಾಗಿ ಕಾಣುತ್ತವೆ. ಇನ್ನೂರೈವತ್ತು ರೂಪಾಯಿಯ ಕನ್ನಡಕವೊಂದು ಅಡುಗೆಮನೆಯಲ್ಲಿ, ಇನ್ನೊಂದು ಮಂಚದ ಪಕ್ಕದಲ್ಲಿ ಇದ್ದರೆ ನನ್ನ ದಿನ ನಡೆಯುತ್ತದೆ. ನಲವತ್ತು ದಾಟಿದಂದಿನಿಂದ ಕನ್ನಡಕ ಹಾಕಿಯೇ ಓದಿದ ನನಗೆ ಅದು ಭಾರವೆನಿಸುವುದಿಲ್ಲ.

ಬಣ್ಣಗಳು ಎರಡೂ ಕಣ್ಣಿಗೆ ಒಂದೇ.

ಹಣದ ವಿಷಯದಲ್ಲಿ, ಬಲಗಣ್ಣಿಗೆ ಎಂಬತ್ತು ಸಾವಿರದ ಮೇಲೆಯೇ ಆಯಿತು, ಎಡಗಣ್ಣು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ವಿಮೆಯಿದೆ ಎಂದು ಧೈರ್ಯದಿಂದಿರುವವರು ಪಾಲಿಸಿಯ ಮಿತಿಯನ್ನು ಮೊದಲೇ ಓದಿಕೊಳ್ಳಬೇಕು. ಆರೋಗ್ಯ ವಿಮೆ ಮಾರುವ ಬೇರೆಬೇರೆ ಕಂಪನಿಗಳು ಒಂದೇ ನಿಯಮದಲ್ಲಿ ಕೊಡುತ್ತಿದ್ದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ, ಪೊರೆ ಚಿಕಿತ್ಸೆಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ ₹40,000, ಇವೆರಡರಲ್ಲಿ ಕಡಿಮೆಯಾದದ್ದು ಮಾತ್ರ ಎಂಬ ಮಿತಿಯನ್ನು ಇಟ್ಟಿದ್ದರು, 24 ತಿಂಗಳ ಕಾಯುವ ಅವಧಿಯೂ ಇತ್ತು. ನಿವೃತ್ತಿ ವೇತನದಲ್ಲಿ ಬದುಕುವವರಿಗೆ ಈ ಮಿತಿಯೊಳಗೆ ಮೊನೊಫೋಕಲ್ ಸೇರುತ್ತದೆ, ಮಲ್ಟಿಫೋಕಲ್‌ನ ಹೆಚ್ಚಿನ ಹಣ ಕೈಯಿಂದಲೇ ಹೋಗುತ್ತದೆ.

ಮೂರನೆಯ ದಾರಿಯೊಂದಿದೆ, ಅದನ್ನು ಕೀಳಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮ ನಾದಿನಿ ಸರ್ಕಾರಿ ಶಿಬಿರದಲ್ಲಿ ಉಚಿತವಾಗಿ ಮಾಡಿಸಿಕೊಂಡರು. ಮಡಚಲಾಗದ ಗಟ್ಟಿ ಮಸೂರ, ಸ್ವಲ್ಪ ದೊಡ್ಡ ಗಾಯ, ಹೊಲಿಗೆಯಿಲ್ಲ. ಅದೂ ಮೊನೊಫೋಕಲ್ಲೇ, ಅವರ ದೂರದ ನೋಟ ನನ್ನ ಎಡಗಣ್ಣಿಗಿಂತ ಕಡಿಮೆಯೇನಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಸಾವಿರಾರು ಜನರ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಶಿಬಿರಗಳಲ್ಲಿ ಒಳಗೆ ಮಸೂರ ಇಡುವ ರೂಢಿಯೇ ಇರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಮಸೂರ ಕೂರಿಸಿದ್ದರೂ ಅದು ನಮ್ಮ ಹಳ್ಳಿಗಳನ್ನು ಮುಟ್ಟಲು ದಶಕಗಳೇ ಬೇಕಾದವು. ನಮ್ಮ ಅಜ್ಜಿ ಕೊನೆಯವರೆಗೂ ಹತ್ತರ ಆಸುಪಾಸಿನ ಪ್ಲಸ್ ಪವರಿನ ಸೋಡಾಬುಡ್ಡಿ ಕನ್ನಡಕದಲ್ಲಿಯೇ ಬದುಕಿದರು. ಮಧುರೆಯ ಅರವಿಂದ್ ಕಣ್ಣಾಸ್ಪತ್ರೆಗೆ ಸೇರಿದ ಅರೋಲ್ಯಾಬ್ 1992ರಿಂದ ಕಡಿಮೆ ಬೆಲೆಗೆ ಮಸೂರ ತಯಾರಿಸಲು ತೊಡಗಿದ ಮೇಲೆ ಬಡವರ ಕಣ್ಣೊಳಗೂ ಮಸೂರ ಬಂತು. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ ಐವತ್ತು ದಾಟಿದವರ ಅಂಧತ್ವದಲ್ಲಿ ಶೇ. 66.2ರಷ್ಟಕ್ಕೆ ಚಿಕಿತ್ಸೆಯಾಗದ ಪೊರೆಯೇ ಕಾರಣವೆಂದು ಕಂಡುಬಂದಿದೆ. ದುಬಾರಿ ಮಸೂರಕ್ಕೆ ಹಣ ಕೂಡಲಿ ಎಂದು ವರ್ಷಗಟ್ಟಲೆ ಕಾಯುವ ಬದಲು ಸಾಮಾನ್ಯ ಮಸೂರವನ್ನು ಇಂದೇ ಹಾಕಿಸಿಕೊಳ್ಳುವುದು ಮೇಲು.

ಮಲ್ಟಿಫೋಕಲ್ ಯಾರಿಗೂ ಬೇಡ ಎಂಬುದು ನನ್ನ ವಾದವಲ್ಲ. ಅದು ಎರಡೂ ಕಣ್ಣಿನಲ್ಲಿ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ವೈದ್ಯರು ಹೇಳುತ್ತಾರೆ; ನನ್ನ ಅನುಭವ ಒಂದೇ ಕಣ್ಣಿನದು. ಬಿಸಿಲಿನಲ್ಲಿ ದುಡಿದೋ ಬರಿಯ ವಯಸ್ಸಿನಿಂದಲೋ ಪೊರೆ ಬಂದಿದ್ದು, ಸಕ್ಕರೆ ಕಾಯಿಲೆಯಿಲ್ಲದೆ, ಅಕ್ಷಿಪಟ ಚೆನ್ನಾಗಿದ್ದು, ರಾತ್ರಿ ಗಾಡಿ ಓಡಿಸದೆ, ಕನ್ನಡಕವೆಂದರೆ ಆಗದವರು ಅದನ್ನು ಆರಿಸಿಕೊಳ್ಳಬಹುದು. ನನ್ನ ತಂಗಿ ಅಂತಹವಳು. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ, ಸಂಜೆಯಾದರೆ ಮನೆ ಬಿಟ್ಟು ಹೊರಡುವುದಿಲ್ಲ.

ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ದರಪಟ್ಟಿ ನೋಡುವ ಮೊದಲು ಅಕ್ಷಿಪಟದ ಸ್ಕ್ಯಾನ್ ಮಾಡಿಸಬೇಕು, ಅದರ ಫಲಿತಾಂಶವನ್ನು ಮಸೂರದ ಮಾತು ಬರುವಾಗ ಎದುರಿಗಿಟ್ಟು ಕೇಳಬೇಕು. ಸಕ್ಕರೆ ಏರಿಳಿಯುತ್ತಿರುವಾಗ ಕಣ್ಣಿನ ಪವರೂ ಏರಿಳಿಯುವುದರಿಂದ, ಅದು ಹತೋಟಿಗೆ ಬಂದ ಮೇಲೆ ಅಳತೆ ತೆಗೆಸುವುದು ಒಳ್ಳೆಯದು. ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಸೇದುವ ಪಂಪಿನ ರೂಪದಲ್ಲಿಯಾದರೂ, ಹೇಳಬೇಕು. ಮನೆಯ ಗಂಡಸರು ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ, ಅಥವಾ ಹಿಂದೆ ನುಂಗಿ ಬಿಟ್ಟಿದ್ದರೂ, ಅದನ್ನು ಶಸ್ತ್ರಚಿಕಿತ್ಸಕರಿಗೆ ಮೊದಲೇ ತಿಳಿಸಬೇಕು. ಆ ಮಾತ್ರೆಯಿಂದ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಸಡಿಲಗೊಂಡು ಶಸ್ತ್ರಚಿಕಿತ್ಸೆಯ ನಡುವೆ ಅಲುಗಾಡುತ್ತದೆ, ಗೊತ್ತಿದ್ದರೆ ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ. ಯಜಮಾನರ ಪೊರೆ ಈಗ ಬಲಿತಿದೆ, ಅವರಿಗೂ ಸಕ್ಕರೆಯಿದೆ, ಆ ಮಾತ್ರೆಯೂ ಇದೆ. ಎರಡೂ ಕಣ್ಣಿಗೆ ಮೊನೊಫೋಕಲ್ ಎಂದು ನಿಶ್ಚಯಿಸಿ, ಮಾತ್ರೆಯ ಚೀಟಿಯನ್ನು ಕಡತದ ಮೇಲ್ಭಾಗಕ್ಕೆ ಲಗತ್ತಿಸಿ ಕೊಟ್ಟಿದ್ದೇವೆ.