ನೀರು ಬೆರೆತ ಪೆಟ್ರೋಲ್ ಕೊಟ್ಟು ‘ಅದು ಎಥನಾಲ್ ಸಾರ್’ ಅಂತಾರೆ, ಜಾಗ್ರತೆ

ಮಳೆಗಾಲದಲ್ಲಿ ಪೆಟ್ರೋಲ್ ಹಾಕಿಸಿ ಹೊರಟ ಗಾಡಿ ಸ್ವಲ್ಪ ದೂರದಲ್ಲೇ ಜರ್ಕ್ ಹೊಡೆದು ನಿಂತರೆ, ‘ಪೆಟ್ರೋಲಿಗೆ ಬೆರೆಸುವ ಎಥನಾಲ್ ಅನ್ನುವ ಆಲ್ಕೋಹಾಲಿನದೇ ತಪ್ಪು’ ಎಂಬ ಕತೆ ಕೇಳಿ ಸುಮ್ಮನಾಗಬೇಡಿ. ಬಿಲ್ ಬಿಸಾಡಬೇಡಿ. ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಚೆಲ್ಲಲು ಬಿಡಬೇಡಿ. ಯಾಕೆ ಅಂತ ಹೇಳ್ತೇನೆ.

ಕಳೆದ ಜುಲೈಯಲ್ಲಿ ಅಮ್ಮನನ್ನು ಮಣಿಪಾಲದ ಡಾಕ್ಟರಿಗೆ ತೋರಿಸಲು ಮಂಗಳೂರಿನಿಂದ ಹೊರಟಿದ್ದೆ. ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಹೆದ್ದಾರಿ ಬದಿಯ ಒಂದು ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿದೆ. ಸುರತ್ಕಲ್ ದಾಟುವಾಗ ಪಿಕಪ್ ಕಡಿಮೆಯಾಯಿತು. ಹಳೆಯಂಗಡಿ ಹತ್ತಿರ ಚೆಕ್ ಎಂಜಿನ್ ದೀಪ ಹತ್ತಿತು. ಮೂಲ್ಕಿ ಸೇತುವೆ ಸಿಗುವ ಮೊದಲೇ ಕಾರು ಆಫ್. ಮತ್ತೆ ಸ್ಟಾರ್ಟೇ ಆಗಲಿಲ್ಲ. ಅಮ್ಮನನ್ನು ರಿಕ್ಷಾದಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸಿ, ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆಸಿದೆ.

ಬಂಕಿಗೆ ಫೋನ್ ಮಾಡಿದರೆ ಮ್ಯಾನೇಜರ್ ಹೇಳಿದ್ದು ಇಷ್ಟೇ: “ಸಾರ್, ಅದು ಎಥನಾಲ್ ಪ್ರಾಬ್ಲಮ್. ಈಗ ಎಲ್ಲಾ ಕಡೆ ಇಪ್ಪತ್ತು ಪರ್ಸೆಂಟ್. ಸರ್ಕಾರ ಮಾಡಿದ್ದು, ನಾವೆಂತ ಮಾಡುದು?”

ನಾನೂ ನಂಬಿಬಿಡುತ್ತಿದ್ದೆನೋ ಏನೋ. ನನ್ನದು 2016ರ ಕಾರು, ಇ20ಗೆ, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಆದರೆ ಮೆಕ್ಯಾನಿಕ್ ನಂಬಲಿಲ್ಲ. ಹಿಂದಿನ ಸೀಟು ಎತ್ತಿ, ಫ್ಯೂಯೆಲ್ ಪಂಪ್ ಬಿಚ್ಚಿ, ಟ್ಯಾಂಕಿನ ತಳದಿಂದ ಒಂದಿಷ್ಟು ತೆಗೆದು ಹಳೇ ಹಾರ್ಲಿಕ್ಸ್ ಬಾಟಲಿಗೆ ಸುರಿದರು. ಅಲುಗಾಡಿಸದೆ ಬೆಂಚಿನ ಮೇಲೆ ಇಟ್ಟರು. ನೋಡನೋಡುತ್ತಾ ಎರಡು ಪದರ ಆಯಿತು. ಮೇಲೆ ಪೆಟ್ರೋಲಿನ ಬಣ್ಣ. ಕೆಳಗೆ ಗಂಜಿ ತಿಳಿಯಂಥ ಮಂಕು ನೀರು, ಬಾಟಲಿಯ ಅರ್ಧಕ್ಕಿಂತ ಜಾಸ್ತಿ. “ಒಳ್ಳೆ ಪೆಟ್ರೋಲು ಹೀಗೆ ಒಡೆಯುದಿಲ್ಲ ಮಾರಾಯ್ರೆ” ಅಂದರು. ತಮ್ಮ ಬೈಕಿನಿಂದ ಸ್ವಲ್ಪ ತೆಗೆದು ಇನ್ನೊಂದು ಗ್ಲಾಸಿಗೆ ಹಾಕಿ ತೋರಿಸಿದರು. ಅದೂ ಇ20ಯೇ. ಒಂದೇ ಪದರ, ತಿಳಿಯಾಗಿತ್ತು. ಅದಕ್ಕೆ ಒಂದು ಮುಚ್ಚಳ ನೀರು ಹಾಕಿ ಕಲಕಿದಾಗ ಕೆಳಗೆ ಕೂತ ಪದರ ಹಾಕಿದ ನೀರಿಗಿಂತ ದೊಡ್ಡದಿತ್ತು.

ಇದು ಮ್ಯಾಜಿಕ್ ಅಲ್ಲ. ಎಥನಾಲಿಗೆ ಪೆಟ್ರೋಲಿಗಿಂತ ನೀರಿನ ಮೇಲೆ ಆಸೆ ಜಾಸ್ತಿ. ತೀರಾ ಸ್ವಲ್ಪ ನೀರಿದ್ದರೆ ಇ20 ಅದನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ, ಗಾಡಿಗೆ ಗೊತ್ತೂ ಆಗುವುದಿಲ್ಲ. ಮಿತಿ ಮೀರಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ನೂರು ಮಿಲಿ ಇ20ಗೆ ಹತ್ತು ಮಿಲಿ ನೀರು ಹಾಕಿ ಕಲಕಿ ಬಿಟ್ಟರೆ ಕೆಳಗಿನ ಪದರ ಹತ್ತಲ್ಲ, ಸುಮಾರು ಮೂವತ್ತು ಮಿಲಿ ಆಗುವುದು ಅದಕ್ಕೇ. ಗಾಡಿಯ ಪಂಪ್ ಎಳೆಯುವುದು ತಳದಿಂದ. ಬಂಕಿನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿದರೆ ಅಲ್ಲೂ ಇದೇ ಕತೆ. ಅಂದರೆ ಎಥನಾಲ್ ಇದ್ದಾಗ ನೀರಿನ ಹಾವಳಿ ಹೆಚ್ಚಾಗುತ್ತದೆ ಅನ್ನುವುದು ನಿಜ. ಆದರೆ ನೀರು ಬಂದಿದ್ದು ಎಥನಾಲಿನಿಂದಲ್ಲ, ಬಂಕಿನ ಟ್ಯಾಂಕಿನ ಮುಚ್ಚಳ ಸರಿ ಇಲ್ಲದ್ದರಿಂದ. ನಮ್ಮ ಕರಾವಳಿಯ ಮಳೆಯಲ್ಲಿ ಅದನ್ನು ನೋಡಿಕೊಳ್ಳುವುದು ಬಂಕಿನವರ ಕೆಲಸ ಅಲ್ವಾ?

ಇ20 ಬಗ್ಗೆ ನನಗೆ ಸಿಟ್ಟಿಲ್ಲ ಅಂತಲ್ಲ. ಮೈಲೇಜ್ ಇಳಿದಿದೆ. ಹಳೆ ಮಾದರಿಯ ಕಾರುಗಳಲ್ಲಿ ಶೇಕಡಾ 6–7, ಬೈಕುಗಳಲ್ಲಿ 3–4 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಶೇಕಡಾ 20 ಎಥನಾಲ್ ಬೆರೆಸುವುದಕ್ಕೆ ಮೊದಲು 2030 ಅಂತಿದ್ದ ಗುರಿಯನ್ನು ಸರ್ಕಾರದವರು 2025–26ಕ್ಕೆ ಎಳೆದು ತಂದರು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಬೇಕು ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕಾರ್ಬ್ಯುರೇಟರ್ ಬೈಕ್ ಇಟ್ಟುಕೊಂಡ ನನ್ನ ಮಾವ ರಬ್ಬರ್ ಪೈಪ್, ಓ-ರಿಂಗ್ ಬದಲಿಸಿ ಬದಲಿಸಿ ಬೈಯುತ್ತಾರೆ. ಬೈಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ಈ ಸಿಟ್ಟನ್ನೇ ಗುರಾಣಿ ಮಾಡಿಕೊಂಡು ನೀರು ಮಾರಿದರೆ? ಮೈಲೇಜ್ ಕಡಿಮೆಯಾಗುವುದು ಎಥನಾಲ್. ಟ್ಯಾಂಕ್ ತುಂಬಿಸಿದ ಕೂಡಲೇ ನಡುದಾರಿಯಲ್ಲಿ ಗಾಡಿ ಸಾಯುವುದು ಹೆಚ್ಚಾಗಿ ನೀರು. ಎರಡನ್ನೂ ಒಂದೇ ಚೀಲಕ್ಕೆ ತುಂಬಲು ಬಿಡಬೇಡಿ.

ಎಥನಾಲ್ ಹೆಸರಿನಲ್ಲಿ ದುಡ್ಡು ಮಾಡುವ ಇನ್ನೊಂದು ಗುಂಪಿನ ಬಗ್ಗೆಯೂ ಹೇಳಬೇಕು. ಕಾರನ್ನು ಆಮೇಲೆ ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದಾಗ ಟ್ಯಾಂಕ್ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಫಿಲ್ಟರ್ ಎಲ್ಲಾ ಸೇರಿಸಿ ಉದ್ದದ ಬಿಲ್ ಮಾಡಿದರು. ಜೊತೆಗೆ ಪ್ರತಿ ಸಲ ಟ್ಯಾಂಕಿಗೆ ಹಾಕಿ ಅಂತ ಒಂದು ‘ಎಥನಾಲ್ ಪ್ರೊಟೆಕ್ಷನ್’ ಬಾಟಲಿ. ಟ್ಯಾಂಕಿಗೆ ಏನು ಸುರಿದರೂ ಅದರಲ್ಲಿರುವ ಎಥನಾಲ್ ಮಾಯವಾಗುವುದಿಲ್ಲ. ನೀರು ತೆಗೆಯುವ ದ್ರಾವಣ ಅಂತ ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದೂ ಒಂದು ಬಗೆಯ ಆಲ್ಕೋಹಾಲೇ! ಬಾಟಲಿಯನ್ನು ವಾಪಸ್ ಕೊಟ್ಟೆ. ಇನ್ಶೂರೆನ್ಸಿನವರು ಇದು ಅಪಘಾತ ಅಲ್ಲ ಅಂತ ಕೈ ಎತ್ತಿದರು.

ಬಂಕಿನಲ್ಲಿ ನೀವು ಏನು ಕೇಳಬಹುದು? ಪೇಪರಿನ ಮೇಲೆ ಒಂದು ಹನಿ ಪೆಟ್ರೋಲ್ ಹಾಕಿ ಕಲೆ ಉಳಿಯುತ್ತದಾ ಅಂತ ನೋಡುವ ಫಿಲ್ಟರ್ ಪೇಪರ್ ಟೆಸ್ಟ್ ಎಲ್ಲರಿಗೂ ಗೊತ್ತು, ಆದರೆ ನೀರಿನ ವಿಷಯಕ್ಕೆ ಅದನ್ನು ನಂಬಿ ಕೂರಬೇಡಿ. ಡೆನ್ಸಿಟಿ (ಸಾಂದ್ರತೆ) ತೋರಿಸಿ ಅನ್ನಿ. ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ಅಲ್ಲೇ ಇರಬೇಕು. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಲೆಕ್ಕ ಹಾಕಿದ ಮೇಲೆ ಬಂಕಿನವರು ಬರೆದಿಟ್ಟ ಅಂಕೆಗೂ ಜಾರಿನ ಅಂಕೆಗೂ ಘನ ಮೀಟರಿಗೆ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪ್ರಶ್ನೆ ಮಾಡಿ. ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟನ್ನು ಅಳತೆ ಕೋಲಿಗೆ ಹಚ್ಚಿ ಬಂಕಿನ ಟ್ಯಾಂಕಿಗೆ ಇಳಿಸಿ ನೀರು ನೋಡುವ ಕ್ರಮವೂ ಇದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವ ಪೇಸ್ಟೇ ಹಚ್ಚಿದ್ದಾರಾ ಅಂತ ಕೇಳಿ. ನಾನು ಕೇಳಿದಾಗ ಹುಡುಗನೊಬ್ಬ ಮ್ಯಾನೇಜರ್ ಮುಖ ನೋಡಿದ, ಮ್ಯಾನೇಜರ್ ರಸ್ತೆ ನೋಡಿದರು. ಕಂಪ್ಲೇಂಟ್ ಪುಸ್ತಕ ಕೊಡಿ ಅಂದ ಮೇಲೆ ಮಾತಿನ ಧಾಟಿ ಬದಲಾಯಿತು.

ಮೆಕ್ಯಾನಿಕ್ ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲೇ ಮುಚ್ಚಿಟ್ಟು, ಪದರ ಕಾಣುವ ಹಾಗೆ ಫೋಟೋ ತೆಗೆದಿದ್ದೆ. ಮನೆಯೊಳಗೆ ಇಡಬೇಡಿ, ಒಲೆ ಹತ್ತಿರ ಅಂತೂ ಬೇಡವೇ ಬೇಡ. ಮೆಕ್ಯಾನಿಕ್ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡೆ. ಬಂಕಿನ ಬಿಲ್ ಪ್ರಿಂಟ್ ಮಾಡಿಸಿಕೊಂಡಿದ್ದೆ, ಬಚಾವ್. ಯುಪಿಐ ಮೆಸೇಜಿನಲ್ಲಿ ದುಡ್ಡು ಮಾತ್ರ ಕಾಣುತ್ತದೆ, ಎಷ್ಟು ಲೀಟರ್, ಯಾವ ನಾಝಲ್ ಅಂತ ಇರುವುದಿಲ್ಲ. ಇವಿಷ್ಟನ್ನೂ ಬಂಕಿಗೆ ಪೆಟ್ರೋಲ್ ಕೊಡುವ ತೈಲ ಕಂಪನಿಗೆ ಕಳಿಸಿದೆ. 1915ಕ್ಕೆ ಫೋನ್ ಮಾಡಿ ಗ್ರಾಹಕರ ಸಹಾಯವಾಣಿಯಲ್ಲೂ ದೂರು ಬರೆಸಿದೆ. ಅದೇ ದಿನ ಅದೇ ಬಂಕಿನಲ್ಲಿ ಹಾಕಿಸಿದ ಇನ್ನೂ ಕೆಲವರ ಸ್ಕೂಟರ್ ನಿಂತಿತ್ತು ಅಂತ ಆಮೇಲೆ ಗೊತ್ತಾಯಿತು. ಅವರಲ್ಲಿ ಯಾರ ಹತ್ತಿರವೂ ಬಿಲ್ ಇರಲಿಲ್ಲ.

ಟ್ಯಾಂಕ್ ಕ್ಲೀನಿಂಗ್ ಖರ್ಚು ಮತ್ತು ಪೆಟ್ರೋಲಿನ ದುಡ್ಡನ್ನು ಬಂಕಿನವರು ಕೊಟ್ಟಿದ್ದಾರೆ. ಇಂಜೆಕ್ಟರಿನದು ಕೊಡಲು ಆಗುವುದಿಲ್ಲವಂತೆ, ಕಾರಣ ಮತ್ತದೇ ಎಥನಾಲ್. ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ದೂರು ಕೊಡಲು ಎರಡು ವರ್ಷ ಸಮಯ ಇದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿಮಗೂ ಇದೇ ರೀತಿ ಆಗಿ ಬಿಲ್ ಉಳಿದಿದ್ದರೆ ಈಗಲೂ ಕೊಡಬಹುದು.