ಹಿರಿಯರಿಂದ ಎರವಲು: ಸಮಕಾಲೀನ ನೃತ್ಯ ಸಂಯೋಜನೆಯ ಎಂಟು ವಾರಗಳ ಆನ್‌ಲೈನ್ ಕೋರ್ಸ್

ಹೆಸರಾಂತ ನೃತ್ಯ ಸಂಯೋಜಕರಿಂದ ಸ್ಫೂರ್ತಿ ಪಡೆದು ಸ್ವಂತ ಕೃತಿಯೊಂದನ್ನು ಕಟ್ಟುವುದು ಹೇಗೆಂದು ಕಲಿಸುವ ಎಂಟು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅದನ್ನು ನಡೆಸುವ ಸಂಸ್ಥೆಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಇಂಥ ಕೋರ್ಸುಗಳು ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆಯಾದ್ದರಿಂದ, ಬೇರೊಂದಕ್ಕೆ ಸೇರಲು ಹೊರಟವರಿಗೂ ಈ ಮಾತುಗಳು ಉಪಯೋಗಕ್ಕೆ ಬಂದಾವು. ನಾನು ಸೇರಿದಾಗ ಮೂವರು ನರ್ತಕರಿಗಾಗಿ ಆರಂಭಿಸಿದ್ದ ಹತ್ತು ನಿಮಿಷದ ಕೃತಿಯೊಂದು ನಾಲ್ಕನೆಯ ನಿಮಿಷಕ್ಕೇ ನಿಂತುಹೋಗಿತ್ತು. ಆದ್ದರಿಂದ ಪ್ರತಿ ಪಾಠವನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ಪಾಠ ಮುಗಿದ ಮೇಲೆ ನನ್ನಲ್ಲಿ ಉಳಿಯುವುದು ಆ ಸಂಯೋಜಕರ ಭಂಗಿಗಳೋ, ಅವರು ಕೆಲಸ ಮಾಡಿದ ಬಗೆಯೋ?

ಈ ಅಳತೆಗೆ ಚೆನ್ನಾಗಿ ನಿಂತದ್ದು ಅಮೆರಿಕದ ತ್ರಿಶಾ ಬ್ರೌನ್ ಅವರ ಕುರಿತ ಮೂರನೆಯ ವಾರ. ಪಾಠ ಅವರ 1971ರ ‘ಅಕ್ಯುಮುಲೇಶನ್’ ಕೃತಿಯಿಂದ ಶುರುವಾಗುತ್ತದೆ. ಅದರಲ್ಲಿ ಮೊದಲು ಒಂದು ಚಲನೆ, ಆಮೇಲೆ ಒಂದು ಮತ್ತು ಎರಡು, ಆಮೇಲೆ ಒಂದು, ಎರಡು ಮತ್ತು ಮೂರು, ಹೀಗೆ ಚಲನೆಗಳು ಒಂದರ ಬೆನ್ನಿಗೊಂದು ಕೂಡುತ್ತಾ ಹೋಗುತ್ತವೆ. ಕೇಳುವಾಗ ಮಕ್ಕಳಾಟದಂತೆ ತೋರಿದರೂ ಏಳೆಂಟು ಚಲನೆಗಳಾದ ಮೇಲೆ ನೆನಪೂ ಮೈಯೂ ಜಗಳಕ್ಕೆ ಬೀಳುತ್ತವೆ. ಅಲ್ಲಿಂದ ಪಾಠ 1975ರ ‘ಲೋಕಸ್’ ಕೃತಿಗೆ ಬರುತ್ತದೆ. ಬ್ರೌನ್ ತಮ್ಮ ದೇಹದ ಸುತ್ತ ಒಂದು ಕಾಲ್ಪನಿಕ ಘನಾಕೃತಿಯನ್ನು ಕಲ್ಪಿಸಿಕೊಂಡು, ಅದರಲ್ಲಿ 27 ಬಿಂದುಗಳನ್ನು ಗುರುತಿಸಿದರು. ಇಂಗ್ಲಿಷಿನ 26 ಅಕ್ಷರಗಳಿಗೆ ಒಂದೊಂದು ಬಿಂದುವನ್ನು ಕೊಟ್ಟು, ನಡುವಿನ ಬಿಂದುವನ್ನು ಪದಗಳ ನಡುವಣ ಖಾಲಿ ಜಾಗಕ್ಕೆ ಮೀಸಲಿಟ್ಟರು. ಬಳಿಕ ತಮ್ಮನ್ನೇ ಪರಿಚಯಿಸುವ ಸರಳ ವಾಕ್ಯಗಳನ್ನು ಬರೆದು, ಅವುಗಳ ಅಕ್ಷರಕ್ರಮದಲ್ಲಿ ಆಯಾ ಬಿಂದುವನ್ನು ಮುಟ್ಟುವ, ಸವರುವ, ನೋಡುವ ಅಥವಾ ದಾಟುವ ಚಲನೆಗಳನ್ನು ಕಟ್ಟಿದರು.

ಅಭ್ಯಾಸಕ್ಕೆ ಕೊಟ್ಟಿದ್ದ ಕೆಲಸ ನಮ್ಮ ಹೆಸರನ್ನು ಈ ಘನಾಕೃತಿಯೊಳಗೆ ಬರೆಯುವುದು. ಕನ್ನಡದಲ್ಲಿ ಬರೆಯಹೊರಟ ನನಗೆ ಆರಂಭದಲ್ಲೇ ತೊಡಕಾಯಿತು, ಏಕೆಂದರೆ ನಮ್ಮ ವರ್ಣಮಾಲೆಯ 49 ಅಕ್ಷರಗಳಿಗೆ 27 ಬಿಂದುಗಳು ಸಾಲುವುದಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವರ್ಗೀಯ ವ್ಯಂಜನಗಳು ನೆನಪಾದವು. ಐದು ಸಾಲು, ಐದು ಕಂಬಗಳಲ್ಲಿ ನಿಂತ ಆ 25 ಅಕ್ಷರಗಳು ತಾವೇ ಒಂದು ನಕ್ಷೆ. ಕವರ್ಗ ಗಂಟಲಲ್ಲಿ ಹುಟ್ಟಿದರೆ ಪವರ್ಗ ತುಟಿಯಲ್ಲಿ ಹುಟ್ಟುತ್ತದೆ. ಹಾಗಾಗಿ ಕವರ್ಗವನ್ನು ಬೆನ್ನ ಹಿಂದೆ, ಪವರ್ಗವನ್ನು ಎದೆಯ ಮುಂದೆ ಇಟ್ಟು, ಪ್ರತಿ ವರ್ಗದ ಐದು ಅಕ್ಷರಗಳನ್ನು ನೆಲದಿಂದ ನೆತ್ತಿಯವರೆಗೆ ಏರಿಸಿದೆ. ಸ್ವರಗಳಿಗೆ ಜಾಗ ಬೇಕಾಗಲಿಲ್ಲ, ಅವು ಕಾಲವಾದವು: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಯಕಾರದಿಂದ ಳಕಾರದವರೆಗಿನ ಒಂಬತ್ತು ಅವರ್ಗೀಯ ವ್ಯಂಜನಗಳು ಬಂದಲ್ಲಿ ನರ್ತಕರು ನಿಂತ ಜಾಗ ಬಿಟ್ಟು ನಡೆಯಬೇಕು. ಒತ್ತಕ್ಷರ ಬಂದಲ್ಲಿ ಒಬ್ಬರ ಭಾರ ಇನ್ನೊಬ್ಬರ ಮೇಲೆ ನಿಜವಾಗಿಯೂ ಒತ್ತಬೇಕು. ಈ ಕಡೆಯ ನಿಯಮವೇ ನನ್ನ ಕೃತಿಯ ಐದನೆಯ ನಿಮಿಷವನ್ನು ತೆರೆಯಿತು. ಫಲಿತಾಂಶದಲ್ಲಿ ಬ್ರೌನ್ ಅವರ ಒಂದು ಚಲನೆಯೂ ಇಲ್ಲ, ಆದರೆ ಅವರಿಲ್ಲದೆ ಅದು ಹುಟ್ಟುತ್ತಲೂ ಇರಲಿಲ್ಲ. ಕೋರ್ಸಿಗೆ ತೆತ್ತ ಶುಲ್ಕ ಈ ಒಂದು ವಾರಕ್ಕೇ ಸಂದಿತೆಂದು ಭಾವಿಸಿದ್ದೇನೆ.

ಅಮೆರಿಕದ ಇನ್ನೊಬ್ಬ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ಪಾಠ ಇಷ್ಟು ಫಲ ಕೊಡಲಿಲ್ಲ. 1950ರ ದಶಕದ ಆರಂಭದಿಂದಲೇ ಅವರು ಚಲನೆಗಳ ಕ್ರಮವನ್ನು ನಾಣ್ಯ ಚಿಮ್ಮಿ ನಿರ್ಧರಿಸತೊಡಗಿದ್ದರು. ಅವರ ಕೃತಿಗಳಲ್ಲಿ ನೃತ್ಯವೂ ಸಂಗೀತವೂ ಬೇರೆಬೇರೆಯಾಗಿ ಸಿದ್ಧವಾಗಿ, ಅನೇಕ ಬಾರಿ ಮೊದಲ ಪ್ರದರ್ಶನದಲ್ಲೇ ಮುಖಾಮುಖಿಯಾಗುತ್ತಿದ್ದವು. ಇದನ್ನು ಕೋರ್ಸು ಸರಿಯಾಗಿಯೇ ಹೇಳಿ, ಆಮೇಲೆ ನಮ್ಮ ಮುಂದೆ ಒಂದು ಗುಂಡಿಯನ್ನು ಇಟ್ಟುಬಿಡುತ್ತದೆ. ಅದನ್ನು ಒತ್ತಿದರೆ ‘ಜಿಗಿತ, ತಿರುವು, ಎಡಕ್ಕೆ’ ಎಂಬಂಥ ಸೂಚನೆಗಳು ಉದುರುತ್ತವೆ. ಕನ್ನಿಂಗ್‌ಹ್ಯಾಮ್ ನಾಣ್ಯ ಚಿಮ್ಮುವ ಮೊದಲು ಚಲನೆ, ಸ್ಥಳ ಮತ್ತು ಕಾಲಾವಧಿಗಳ ಪಟ್ಟಿಗಳನ್ನು ಶ್ರಮಪಟ್ಟು ತಯಾರಿಸಿಕೊಳ್ಳುತ್ತಿದ್ದರು. ಆಕಸ್ಮಿಕಕ್ಕೆ ಬಿಡುತ್ತಿದ್ದುದು ಹಾಗೆ ಸಿದ್ಧವಾದ ಸಾಮಗ್ರಿಯ ಜೋಡಣೆಯನ್ನು. ಸಿದ್ಧತೆಯ ಆ ಭಾಗವನ್ನು ತೆಗೆದುಹಾಕಿದರೆ ಉಳಿಯುವುದು ಲಾಟರಿ.

ಪೀನಾ ಬೌಶ್ ಅವರ ವಾರವಂತೂ ನಿರಾಶೆಯನ್ನೇ ತಂದಿತು. 1973ರಿಂದ ಜರ್ಮನಿಯ ವುಪ್ಪರ್‌ಟಾಲ್ ನಗರದ ತಂಡವನ್ನು ಮುನ್ನಡೆಸಿದ ಬೌಶ್, ನರ್ತಕರಿಗೆ ಪ್ರಶ್ನೆಗಳನ್ನು ಕೇಳಿ, ಅವರು ಮಾತಿನಲ್ಲಿ ಅಥವಾ ಚಲನೆಯಲ್ಲಿ ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡು ಕೃತಿ ಕಟ್ಟುತ್ತಿದ್ದರು. ಕಲಿಸಬೇಕಾದದ್ದು ಈ ಕೇಳುವ ಮತ್ತು ಆರಿಸುವ ಕಲೆ. ಕೋರ್ಸು ಇದಕ್ಕೆ ಒಂದೇ ವಾಕ್ಯ ವ್ಯಯಿಸಿ, ಕೋಣೆಯಲ್ಲಿ ಕುರ್ಚಿಗಳನ್ನು ಹರಡಿ, ಸಡಿಲವಾದ ಉದ್ದ ಉಡುಪು ತೊಟ್ಟು, ಕೂದಲು ಬಿಚ್ಚಿ ‘ಒಂಟಿತನವನ್ನು ತೋರಿಸಿ’ ಎಂದು ಅಭ್ಯಾಸ ಕೊಡುತ್ತದೆ. 1978ರ ‘ಕೆಫೆ ಮ್ಯೂಲರ್’ ಕೃತಿಯಲ್ಲಿ ಕುರ್ಚಿಗಳು ಇದ್ದದ್ದು ನಿಜ. ಆದರೆ ಕಣ್ಣು ಮುಚ್ಚಿ ನುಗ್ಗುವ ನರ್ತಕಿಯ ದಾರಿಗೆ ಅವು ಅಡ್ಡ ಬರುತ್ತವೆ, ಅವುಗಳನ್ನು ಸರಿಸಲು ಒಬ್ಬ ಅವಸರದಿಂದ ಓಡಾಡಬೇಕಾಗುತ್ತದೆ. 1975ರ ‘ದಿ ರೈಟ್ ಆಫ್ ಸ್ಪ್ರಿಂಗ್’ ಕೃತಿಯಲ್ಲಿ ರಂಗದ ತುಂಬ ಹರಡಿದ ಮಣ್ಣೂ ಹಾಗೆಯೇ: ಅದರಲ್ಲಿ ಕಾಲು ಹೂತು ಓಟ ಭಾರವಾಗುತ್ತದೆ, ಬೆವರಿದ ಮೈಗೂ ಬಟ್ಟೆಗೂ ಅದು ಮೆತ್ತಿಕೊಳ್ಳುತ್ತದೆ. ದೇಹಕ್ಕೆ ಅಡ್ಡಿಯಾಗುವ ವಸ್ತುವನ್ನು ಅಲಂಕಾರವೆಂದು ಓದಿದ ಪಾಠದಿಂದ ನಕಲುಗಳಷ್ಟೇ ಹುಟ್ಟುತ್ತವೆ. ಸಹಪಾಠಿಗಳ ವಿಡಿಯೊಗಳಲ್ಲಿ ಅದನ್ನೇ ಕಂಡೆ, ನನ್ನದೂ ಅದಕ್ಕಿಂತ ಮೇಲಿರಲಿಲ್ಲ.

ಅಮೆರಿಕ ಮೂಲದ ಸಂಯೋಜಕ ವಿಲಿಯಂ ಫೋರ್ಸೈತ್ ಅವರ, ದೇಹದಲ್ಲೂ ಅದರ ಸುತ್ತಲೂ ಬಿಂದು ಮತ್ತು ರೇಖೆಗಳನ್ನು ಕಲ್ಪಿಸಿಕೊಂಡು ಚಲಿಸುವ ಅಭ್ಯಾಸಗಳನ್ನು ಅಚ್ಚುಕಟ್ಟಾಗಿ ತೋರಿಸಿದ್ದಾರೆ. ಅವರೇ 1999ರಲ್ಲಿ ಸಿ.ಡಿ. ರೂಪದಲ್ಲಿ ಹೊರತಂದಿದ್ದ ಪಾಠಗಳನ್ನು ಬಲ್ಲವರಿಗೆ ಹೊಸದೇನೂ ಸಿಗದು.

ಕಾನೂನು ಮತ್ತು ನೈತಿಕತೆಯ ಪಾಠದ ಬಗ್ಗೆ ಎಚ್ಚರಿಕೆಯನ್ನೇ ಹೇಳಬೇಕು. ‘ಮೂಲದ ಮೂರನೆಯ ಒಂದು ಭಾಗ ಬದಲಿಸಿದರೆ ಕೃತಿ ನಿಮ್ಮದು’ ಎಂದು ಬೋಧಕರು ನಿಶ್ಚಿಂತೆಯಿಂದ ಹೇಳುತ್ತಾರೆ, ಆದರೆ ಹಕ್ಕುಸ್ವಾಮ್ಯದಲ್ಲಿ ಇಂಥ ಲೆಕ್ಕ ಇಲ್ಲ. ಉದಾಹರಣೆಗೆ ಅಮೆರಿಕದ 1976ರ ಕಾಯ್ದೆ ನೃತ್ಯ ಸಂಯೋಜನೆಗಳಿಗೆ ರಕ್ಷಣೆ ಕೊಡುತ್ತದೆ. ಬಿಡಿ ಹೆಜ್ಜೆಗಳು ಮಾತ್ರ ಯಾರ ಸ್ವತ್ತೂ ಅಲ್ಲ. 2011ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ಅವರ ಹಾಡಿನ ವಿಡಿಯೊ ಒಂದರಲ್ಲಿ ಬೆಲ್ಜಿಯಂನ ಸಂಯೋಜಕಿ ಆ್ಯನ್ ತೆರೇಸಾ ಡಿ ಕೀರ್ಸ್‌ಮಾಕರ್ ಅವರ 1983ರ ‘ರೋಸಾಸ್ ಡಾನ್ಸ್‌ಟ್ ರೋಸಾಸ್’ ಕೃತಿಯನ್ನು ಹೋಲುವ ಚಲನೆಗಳು ಕಾಣಿಸಿಕೊಂಡಾಗ ಎದ್ದ ವಿವಾದ ಈ ಪಾಠಕ್ಕೆ ಹೇಳಿ ಮಾಡಿಸಿದ ಸಾಮಗ್ರಿಯಾಗಿತ್ತು. ಎರಡು ವರ್ಷಗಳ ಬಳಿಕ ಆ ಸಂಯೋಜಕಿಯೇ ಆ ಕೃತಿಯಲ್ಲಿ ನರ್ತಕಿಯರು ಕುರ್ಚಿಯ ಮೇಲೆ ಕೂತು ಮಾಡುವ ಭಾಗವನ್ನು ಯಾರು ಬೇಕಾದರೂ ಕಲಿತು ತಮ್ಮ ರೂಪ ಕಟ್ಟಿ ಕಳುಹಿಸಬಹುದೆಂದು ತೆರೆದಿಟ್ಟರು. ಕೇಳದೆ ತೆಗೆದುಕೊಳ್ಳುವುದಕ್ಕೂ ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ ಇರುವ ಅಂತರ ಒಂದೇ ಕೃತಿಯ ಇತಿಹಾಸದಲ್ಲಿ ಸಿಗುತ್ತಿರುವಾಗ, ಕೋರ್ಸು ಅದರ ಪ್ರಸ್ತಾಪವನ್ನೇ ಮಾಡುವುದಿಲ್ಲ.

ಇನ್ನು ಸೇವೆಯ ಮಾತು. ಕೃತಿಗಳ ದೃಶ್ಯತುಣುಕುಗಳು ಅರ್ಧ ನಿಮಿಷವನ್ನು ಮೀರುವುದಿಲ್ಲ. ಪರವಾನಗಿಯ ತೊಡಕಿರಬಹುದು, ಆದರೆ ಅಷ್ಟರಲ್ಲಿ ಶೈಲಿ ಕಂಡೀತೇ ಹೊರತು ರಚನೆ ಕಾಣದು. ಪೂರ್ಣ ಕೃತಿಗಳನ್ನು ಬೇರೆಡೆ ಹುಡುಕಿ ನೋಡಲು ಸಿದ್ಧರಿಲ್ಲದವರು ಸೇರದಿರುವುದೇ ಒಳ್ಳೆಯದು. ನಾವು ಕಳುಹಿಸಿದ ವಿಡಿಯೊಗಳಿಗೆ ಮಾರ್ಗದರ್ಶಕರ ಪ್ರತಿಕ್ರಿಯೆ ಎರಡು ಬಾರಿ ಸಿಗುತ್ತದೆ. ಮೊದಲನೆಯದು ಯಾರಿಗೆ ಕಳುಹಿಸಿದರೂ ಒಪ್ಪುವಂಥ ಮೂರು ಸಾಲು. ಎರಡನೆಯದರಲ್ಲಿ ಮಾತ್ರ, ಒತ್ತಕ್ಷರದ ಭಾಗದಲ್ಲಿ ನರ್ತಕರು ಭಾರ ಹಾಕುವಂತೆ ನಟಿಸುತ್ತಿದ್ದಾರೆ, ಹಾಕುತ್ತಿಲ್ಲ ಎಂದು ಬರೆದಿದ್ದರು. ಆ ಮಾತು ಸರಿಯಾಗಿತ್ತು. ಮರುದಿನದ ಅಭ್ಯಾಸವೆಲ್ಲ ಅದನ್ನು ತಿದ್ದುವುದರಲ್ಲೇ ಕಳೆಯಿತು.

ಈಗಾಗಲೇ ಒಂದೆರಡು ಕೃತಿಗಳನ್ನು ಕಟ್ಟಿ, ತಮ್ಮದೇ ರೂಢಿಗಳಿಂದ ಬೇಸತ್ತವರಿಗೆ ಈ ಕೋರ್ಸನ್ನು ಅರೆಮನಸ್ಸಿನಿಂದ ಸೂಚಿಸುತ್ತೇನೆ. ಮೊದಲ ಕೃತಿಗೆ ಹೊರಟವರಿಗೆ ಸೂಚಿಸಲಾರೆ. ಪ್ರದರ್ಶನದ ಕರಪತ್ರದಲ್ಲಿ ಋಣವನ್ನು ಹೇಗೆ ನಮೂದಿಸಬೇಕೆಂಬುದನ್ನೂ ಅದು ಕಲಿಸಲಿಲ್ಲವಾದ್ದರಿಂದ ನಾನೇ ಒಂದು ಸಾಲು ಬರೆದುಕೊಂಡೆ: ‘ತ್ರಿಶಾ ಬ್ರೌನ್ ಅವರ ಲೋಕಸ್ (1975) ಕೃತಿಯ ರಚನಾವಿಧಾನವನ್ನು ಆಧರಿಸಿದೆ, ಚಲನೆಗಳು ಮೂವರು ನರ್ತಕರವು.’